ಟೀಚರಮ್ಮ ಬಗ್ಗಿ ನಡೆದದ್ದು

ಹಂಪಿಯಲ್ಲಿ ಗೈಡ್ ಆಗಿರುವ ನನ್ನ ಜೊತೆ ಅಂದು ಜಾವಾ ದ್ವೀಪದ ಸುಂಡಾ ಸೀಮೆಯ ಒಬ್ಬ ಟೀಚರಮ್ಮ ಇದ್ದರು. ಕಟ್ಟೆಯ ಮೇಲೆ ಊರ ಹಿರಿಯರು ದಾರಿಗೆ ಅಡ್ಡಲಾಗಿ ಕಾಲು ಚಾಚಿ ಕೂತಿದ್ದರು. ಟೀಚರಮ್ಮ ಬೆನ್ನು ಬಗ್ಗಿಸಿ, ಬಲಗೈ ನೆಲದತ್ತ ಇಳಿಬಿಟ್ಟು, "ಪುಂತೆನ್" ಎನ್ನುತ್ತ ಅವರ ಮುಂದೆ ಹಾದರು.

"ಏನೋ ಬೀಳಿಸ್ಕೊಂಡಾಳ, ಹುಡುಕ್ರಿ!" ಎಂದು ಹನುಮಂತಪ್ಪಜ್ಜ ಕೂಗಿದ. ಎಲ್ಲರೂ ನೆಲ ನೋಡತೊಡಗಿದರು.

ಏನೂ ಬಿದ್ದಿಲ್ಲ, ಹಿರಿಯರ ಮುಂದೆ ಹಾಯುವಾಗ ಅವರಲ್ಲಿ ಹೀಗೇ ಬಗ್ಗಿ ಕ್ಷಮೆ ಕೇಳುತ್ತಾರೆ ಎಂದೆ. ಅಜ್ಜ ರುಮಾಲು ಸರಿಮಾಡಿಕೊಂಡ.

"ಭಾಳ ಚಲೋ! ನಮ್ಮ ಸೊಸಿನ್ನ ಕರಿತೀನಿ, ಇನ್ನೊಮ್ಮೆ ಹಾದು ತೋರಿಸ್ಲಿ."

ಸೊಸೆ ಬಂದಳು. ಟೀಚರಮ್ಮ ಒಪ್ಪಿದರು. ಆದರೆ ಕೂತವರೂ ಕಾಲು ಮಡಚಿಕೊಂಡು "ಮಂಗ್ಗ", ಅಂದರೆ "ದಯವಿಟ್ಟು ಹೋಗಿ" ಎನ್ನಬೇಕಂತೆ. ಅದನ್ನೂ ತಿಳಿಸಿದೆ. ಸೊಸೆ ಮಾವನ ಕಾಲುಗಳನ್ನೇ ನೋಡುತ್ತ ನಿಂತಳು. ಕಟ್ಟೆಯ ಮೇಲೆ ಒಂದು ಕಾಲೂ ಅಲುಗಲಿಲ್ಲ.

"ಊರಿಗೆ ಬಂದ ಹೆಣ್ಮಗಳಿಗೆ ಮಂಗ ಅನ್ನಾದಾ? ಛೀ!" ಎಂದ ಅಜ್ಜ. "ಬಗ್ಗಾದು ನಮ್ಮ ಸಂಸ್ಕೃತಿನ ಬಿಡ್ರಿ. ಕಾಲು ಮಡಚಾದು ಅವರ ಪದ್ಧತಿ, ನಮಗ್ಯಾಕ?"

ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ಏನಂದರು ಎಂದು ಟೀಚರಮ್ಮ ಕೇಳಿದರು. ಇವರಿಗೆಲ್ಲ ಮಂಡಿನೋವು ಎಂದೆ. ಪಾಪ, ಅವರು ಮರುಕದಿಂದ ಇನ್ನಷ್ಟು ಬಗ್ಗಿ ಹಾದರು.