ಹಾಸನ ದಾಟುವುದಿಲ್ಲ ಎಂದಿದ್ದೆ

ಲಲಿತ, ನಿನ್ನ ಗುಟ್ಟು ಹೊರಗೆ ಬಿದ್ದದ್ದು ನಿನ್ನ ಅಕ್ಕನ ಬಾಯಿಂದಲ್ಲ — ನನ್ನ ಕೈಯಿಂದ. ಗೌರಮ್ಮ ಯಾರ ಹತ್ತಿರವೂ ಒಂದು ಮಾತು ಆಡಿಲ್ಲ. ನಾಲ್ಕು ವರ್ಷದಿಂದ ಇದನ್ನು ತಿಳಿದೂ ತಿಳಿದೂ ನಿನ್ನ ಮನೆಯ ಮುಂದೆ ಓಡಾಡಿದ್ದೇನೆ, ಕರೆದಾಗ ಒಳಗೆ ಬಂದು ಕಾಫಿಯನ್ನೂ ಕುಡಿದಿದ್ದೇನೆ.

ನಿನಗೆ ಗೊತ್ತಿರುವುದನ್ನೂ ಬಿಡದೆ ಬರೆಯುತ್ತೇನೆ. ಯಾವುದನ್ನೂ ನಯವಾಗಿ ದಾಟಿಸಿಬಿಡಬಾರದು — ದಾಟಿಸುವುದು ನನಗೆ ಚೆನ್ನಾಗಿ ಬರುತ್ತದೆ.

ಸರ್ಕಾರದ ಆರೋಗ್ಯ ಸಮೀಕ್ಷೆಗೆ ನನ್ನನ್ನು ಗುತ್ತಿಗೆಯ ಮೇಲೆ ತೆಗೆದುಕೊಂಡದ್ದು ಓದು ನೋಡಿ ಅಲ್ಲ, ಬಾಯಿ ನೋಡಿ. ಶಾಂತಿಗ್ರಾಮದ ಕಡೆಯಾಗಲಿ, ಮೊಸಳೆ ಊರಿನ ಕಡೆಯಾಗಲಿ, ಯಾರ ಜಗುಲಿಯಲ್ಲಿ ಕೂತರೂ ಕಾಫಿ ಕಾಯುವಷ್ಟರಲ್ಲಿ ನಾನು ಆ ಮನೆಯವಳೇ. ಅಜ್ಜಿಯ ಮಡಿಲಲ್ಲಿ ಕೂತು ಕಲಿತ ಮಾತು. ನನ್ನ ಮುಂದೆ ಹೆಂಗಸರು ಗಂಡನಿಗೂ ಹೇಳದ್ದನ್ನು ಹೇಳುತ್ತಿದ್ದರು. ಅದು ನನಗೆ ಹೆಮ್ಮೆಯಾಗಿತ್ತು.

ಹಾಸನದಲ್ಲಿ ಎರಡು ದಿನ ತರಬೇತಿ ಕೊಟ್ಟರು. ಅರಕಲಗೂಡಿನ ಕಡೆಯ ಒಬ್ಬ ಮೇಲ್ವಿಚಾರಕರು ಒಪ್ಪಿಗೆಯ ಪುಟವನ್ನು ನಮ್ಮಿಂದ ಗಟ್ಟಿಯಾಗಿ ಓದಿಸಿದರು. ಅದರಲ್ಲಿ ಮೂರು ಪ್ರಶ್ನೆ. ನಿಮ್ಮ ವಿವರ ಬರೆದುಕೊಳ್ಳಬಹುದೆ? ಅದನ್ನು ದೇಶದೊಳಗಿನ ಸಂಶೋಧನೆಗೆ ಕೊಡಬಹುದೆ? ದೇಶದ ಹೊರಗಿನ ಸಂಸ್ಥೆಗಳಿಗೂ ಕಳಿಸಬಹುದೆ? ಒಂದೊಂದಕ್ಕೂ ಬೇರೆಬೇರೆಯಾಗಿ ಹೂಂ ಅನ್ನಬೇಕು, ಇಲ್ಲವೆ ಬೇಡ ಅನ್ನಬಹುದು. "ಬ್ಯಾಡ ಅಂದೋರ ಮುಂದೆ ಮುಖ ಸಿಂಡರಿಸ್ಬ್ಯಾಡ್ರವ್ವಾ, ಅದು ಅವರ ಹಕ್ಕು" ಎಂದರು. ನಾನು ಆ ಮಾತನ್ನು ಪುಸ್ತಕದಲ್ಲಿ ಬರೆದುಕೊಂಡೆ. ಒಂದು ಮನೆಯಲ್ಲೂ ಆ ಪುಟವನ್ನು ಓದಲಿಲ್ಲ.

ಏಕೆಂದರೆ — ಓದಲು ಕೂತರೆ ಹತ್ತು ನಿಮಿಷ. ಮೂರನೆಯದಕ್ಕೆ ಬೇಡ ಎಂದು ಒತ್ತಿದರೆ ವಿವರ ತುಂಬಲು ಕೊಟ್ಟಿದ್ದ ಟ್ಯಾಬ್ ಕಾರಣ ಕೇಳುತ್ತಿತ್ತು, ಟೈಪು ಮಾಡಬೇಕಿತ್ತು. ಅದಕ್ಕಿಂತ ಒಂದು ಕಥೆ ಹೇಳಿ, ನಗಿಸಿ, ಮೂರಕ್ಕೂ ಹೂಂ ಎಂದು ನಾನೇ ಒತ್ತಿಬಿಡುವುದು ಸುಲಭ. ರುಜು ಹಾಕಬೇಕಾದ ಜಾಗದಲ್ಲಿ ಬೆರಳಿನಿಂದ ಒಂದು ಗೀಟು ಎಳೆದರೆ ಸಾಕಿತ್ತು. ಆ ಗೀಟನ್ನೂ ಎಷ್ಟೋ ಮನೆಗಳಲ್ಲಿ ನಾನೇ ಎಳೆದೆ. ನಿನ್ನ ಮನೆಯಲ್ಲೂ.

ನೀನು ಅವರೆಕಾಯಿ ಬಿಡಿಸುತ್ತಾ ಕೂತಿದ್ದೆ. ಕಾಯಿಲೆಗಳ ಪಟ್ಟಿ ಓದುತ್ತಾ ಹೋದೆ — ಮೂರ್ಛೆ ರೋಗ ಎಂದಾಗ ನಿನ್ನ ಕೈ ನಿಂತಿತು. ಸೊಸೆಯಾಗಿ ಬಂದು ಹನ್ನೊಂದು ವರ್ಷ, ಗಂಡನಿಗೂ ಅತ್ತೆಗೂ ಗೊತ್ತಿಲ್ಲದ ವಿಷಯ. ಗೊತ್ತಿದ್ದದ್ದು ಹೊಳೆನರಸೀಪುರದಲ್ಲಿರುವ ನಿನ್ನ ಅಕ್ಕ ಗೌರಮ್ಮನಿಗೆ ಮಾತ್ರ. ತಿಂಗಳು ತಿಂಗಳು ಮಾತ್ರೆ ತಂದು ಕೊಡುತ್ತಿದ್ದವಳೂ ಅವಳೇ. ನೀನು ಒಳಗಿನ ಬಾಗಿಲ ಕಡೆ ನೋಡಿ ಕೇಳಿದೆ:

"ಇದು ಎಲ್ಲೂ ಓಗಕಿಲ್ಲ ತಾನೆ, ಸಾವಿತ್ರಕ್ಕಾ?"

"ಎಲ್ಲಿಗ್ ಓಯ್ತದವ್ವಾ, ಅದಕ್ಕೇನ್ ಕಾಲ್ ಅವಾ? ಆಸನ ದಾಟಕಿಲ್ಲ ಕಣ, ಬುಡು!"

ನೀನು ನಕ್ಕೆ. ನಂಬಿದೆ.

ಆಮೇಲೆ ನಾನು ಫೋನ್ ನಂಬರು ಕೇಳಿದೆ. "ನಮ್ಮನೆಯವರ್ದು ಮಾತ್ರ ಬ್ಯಾಡ ಕಣಕ್ಕಾ" ಎಂದೆ ನೀನು. ಊರಲ್ಲಿ ಫೋನಿಲ್ಲದವರೆಲ್ಲ ಕೊಡುತ್ತಿದ್ದದ್ದು ಡೈರಿಯ ರಾಜಣ್ಣನ ನಂಬರು ತಾನೆ — ಗ್ಯಾಸಿನ ಸುದ್ದಿಯಾಗಲಿ ಬ್ಯಾಂಕಿನದಾಗಲಿ, ಬೆಳಿಗ್ಗೆ ಹಾಲು ಅಳೆಯುತ್ತಲೇ ಅವನು ಕೂಗಿ ಹೇಳುತ್ತಿದ್ದ. ಅದೇ ಅಭ್ಯಾಸದಲ್ಲಿ ನಿನ್ನ ಹೆಸರಿನ ಮುಂದೆಯೂ ಅವನ ನಂಬರನ್ನೇ ಒತ್ತಿದೆ. ನಿನಗೆ ಹೇಳಲೂ ಇಲ್ಲ.

ಏಳೆಂಟು ತಿಂಗಳಾದ ಮೇಲೆ ರಾಜಣ್ಣ ನನ್ನನ್ನು ಡೈರಿಯ ಹಿಂದಕ್ಕೆ ಕರೆದ.

"ಏನವ್ವಾ ಸಾವಿತ್ರಿ, ಊರ್ನೋರ ಕಾಯ್ಲೆಗೆಲ್ಲಾ ನನ್ ಫೋನೇ ಆಸ್ಪತ್ರೆನಾ? ಯಾವನೋ ಪೇಟೆ ಕನ್ನಡದಾಗೆ ಮಾತಾಡ್ದ. ಫಾರಿನ್ ಔಷಧಿ ಕಂಪನಿಯಂತೆ. ಲಲಿತನ ಹೆಸ್ರು, ವಯಸ್ಸು, ನುಂಗೋ ಮಾತ್ರೆ, ಎಲ್ಲಾ ಒಪ್ಪಿಸ್ಬುಟ್ಟ ಕಣಮ್ಮಿ! ಒಸ ಮಾತ್ರೆ ಪರೀಕ್ಷೆಗೆ ಬತ್ತಾಳಾ ಅಂತವ್ನೆ."

"ಯಾರಿಗಾದ್ರೂ ಏಳುದ್ಯಾ?" ಎಂದೆ.

"ನಾನ್ಯಾಕ್ ಏಳ್ಲಿ? ಮನೇವ್ಳಿಗ್ ಏಳ್ದೆ, ಅಷ್ಟೇಯಾ."

ಅಷ್ಟು ಸಾಕಾಗಿತ್ತು. ಮಾತು ನಿನ್ನ ಅತ್ತೆಯನ್ನು ಮುಟ್ಟುವ ಹೊತ್ತಿಗೆ ಅದು ಎಲ್ಲಿಂದ ಹೊರಟಿತೆಂದು ಯಾರಿಗೂ ನೆನಪಿರಲಿಲ್ಲ. "ಕಾಯ್ಲೆ ಮುಚ್ಚಿಟ್ಟು ಕಟ್ಬುಟ್ರಲ್ಲೇ ನಿಮ್ಮೋರು!" ಎಂದು ಅವರು ಬೀದಿಗೆ ಕೇಳುವಂತೆ ಕೂಗಿದ್ದು ನನಗೂ ಕೇಳಿಸಿತು. ನಿನ್ನನ್ನು ಒಲೆಯ ಹತ್ತಿರ ಬಿಡಲಿಲ್ಲ. ಗಂಡ ತಿಂಗಳುಗಟ್ಟಲೆ ಮಾತಾಡಲಿಲ್ಲ. ನೀನು ಲೆಕ್ಕ ಹಾಕಿದೆ — ಗೊತ್ತಿದ್ದವಳು ಒಬ್ಬಳೇ. "ನನ್ ಪಾಲ್ಗೆ ನೀನ್ ಸತ್ತೋದೆ" ಎಂದು ಗೌರಮ್ಮನಿಗೆ ಹೇಳಿ ಕಳಿಸಿದೆ. ಅವತ್ತು ಜಗುಲಿಯ ಮೇಲೆ ನಿನ್ನ ತಲೆ ನೇವರಿಸುತ್ತಾ ಕೂತಿದ್ದವಳು ನಾನು. ಗೊತ್ತಿದ್ದವರು ಇಬ್ಬರು, ಲಲಿತ. ನನ್ನನ್ನು ನೀನು ಎಣಿಸಲೇ ಇಲ್ಲ. ಅಷ್ಟು ನಂಬಿದ್ದೆ. ನಾನು ಬಾಯಿ ಬಿಡಬಹುದಿತ್ತು —

ಬಿಡಲಿಲ್ಲ. ಕೆಲಸ ಹೋಗುತ್ತದೆ ಎಂಬ ಹೆದರಿಕೆ ಇತ್ತು, ನಿಜ. ಅದಕ್ಕಿಂತ ಹೆಚ್ಚಿನ ಹೆದರಿಕೆ, ಇನ್ನು ಯಾವ ಮನೆಯಲ್ಲೂ ನನ್ನನ್ನು ಒಳಗೆ ಕರೆಯುವುದಿಲ್ಲ ಎಂಬುದು. ನನ್ನ ಒಳ್ಳೆಯ ಹೆಸರನ್ನು ಉಳಿಸಿಕೊಳ್ಳಲು ನಿನ್ನ ಅಕ್ಕನ ಹೆಸರು ಕೆಡಲು ಬಿಟ್ಟೆ.

ಮರುವರ್ಷ ಚನ್ನರಾಯಪಟ್ಟಣದಲ್ಲಿ ಗೌರಮ್ಮನ ಮಗಳ ಮದುವೆ. ಗಂಡಿನ ಕಡೆಯವರು ನಮಗೆ ದೂರದ ನೆಂಟರು, ಹೋಗಿದ್ದೆ. ಗೌರಮ್ಮ ಧಾರೆಯ ಹೊತ್ತಿನವರೆಗೂ ಛತ್ರದ ಬಾಗಿಲು ನೋಡುತ್ತಲೇ ಇದ್ದಳು. ಆಮೇಲೆ ನನ್ನ ಪಕ್ಕಕ್ಕೆ ಬಂದು, "ನಾನ್ ಏಳಿಲ್ಲ ಕಣಕ್ಕಾ. ನಮ್ಮವ್ವನಾಣೆಗೂ ಏಳಿಲ್ಲ. ನೀವಾದ್ರೂ ಅವಳಿಗ್ ತಿಳಿಸ್ರಲ್ಲಾ" ಎಂದಳು. ನಾನು ತಲೆಯಾಡಿಸಿದೆ. ಊಟಕ್ಕೆ ಕೂತೆ. ಎರಡನೆಯ ಸಲ ಪಾಯಸ ಹಾಕಿಸಿಕೊಂಡೆ — ಆ ಪಾಯಸದ ನೆನಪು ಬಂದರೆ ಇವತ್ತಿಗೂ ಮೈ ಹಿಡಿಯಾಗುತ್ತದೆ.

ಈಗ ಇಂಥ ವಿವರಗಳಿಗೆ ಕಾನೂನು ಬಂದಿದೆ, ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದು ಎಂದು ಓದಿದೆ. ಹಾಸನದ ಸಮೀಕ್ಷೆ ಕಚೇರಿಗೆ ಹೋಗಿ ನಡೆದದ್ದನ್ನು ಬರೆದುಕೊಟ್ಟೆ. ಇಲ್ಲಿರುವುದನ್ನು ಅಳಿಸಬಹುದು, ಹೊರದೇಶಕ್ಕೆ ಹೋದದ್ದನ್ನು ಅಳಿಸಿ ಎಂದು ಅಲ್ಲಿಯವರನ್ನು ಕೇಳಬಹುದು, ಅವರು ಮತ್ತೆ ಯಾರಿಗೆ ಕೊಟ್ಟಿದ್ದಾರೋ ಹೇಳಲಾಗದು ಎಂದರು. ಅರ್ಜಿ ಇದರ ಜೊತೆಗಿದೆ. ಅದಕ್ಕೆ ನಿನ್ನದೇ ರುಜು ಬೇಕಂತೆ, ನನ್ನದು ನಡೆಯುವುದಿಲ್ಲವಂತೆ. ಅವತ್ತು ಮಾತ್ರ ನಡೆದಿತ್ತು. ಉಳಿದ ಮನೆಗಳಿಗೂ ಹೋಗುತ್ತಿದ್ದೇನೆ. ಆ ಪುಟವನ್ನು ಪೂರ್ತಿ ಓದಿ, ನಾನು ಮಾಡಿದ್ದನ್ನು ಹೇಳುತ್ತಿದ್ದೇನೆ. ಮೂರು ಮನೆಗಳಲ್ಲಿ ಬಾಗಿಲು ಹಾಕಿಕೊಂಡರು. ಹಾಕಿಕೊಳ್ಳಲಿ.

ಮೊನ್ನೆ ಹೊಳೆನರಸೀಪುರಕ್ಕೆ ಹೋಗಿ ಗೌರಮ್ಮನ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಒಂದೇ ಮಾತು ಕೇಳಿದಳು:

"ಈಗ್ಲೂ ಬೀಳ್ತಾಳಾ ಅವಳು?"

ಮೂರ್ಛೆ ಈಗಲೂ ಬರುತ್ತದೆಯೇ ಎಂದು ನಾನು ನಿನ್ನನ್ನು ಒಮ್ಮೆಯೂ ಕೇಳಿರಲಿಲ್ಲ. ನಾಲ್ಕು ವರ್ಷ ನಿನ್ನ ಮುಖವನ್ನು ದಿನವೂ ನೋಡಿದ್ದೇನೆ, ಲಲಿತ — ನನ್ನ ಮೇಲೆ ಅನುಮಾನವಿದೆಯೇ ಎಂದು ಮಾತ್ರ ನೋಡಿದ್ದೇನೆ.