ಅಜ್ಜಿಯ ರಾಗ, ಅಯ್ಯನವರ ರೇಡಿಯೋ

ಆಗಿನ್ನೂ ಮಹಾರಾಜರ ಕಾಲ. ಶಿರಾದಲ್ಲಿ ರೇಡಿಯೋ ಇದ್ದ ಮನೆಗಳೇ ಕಡಿಮೆ. ಪ್ರಾರ್ಥನೆ ಮಾಡಿಸಿಕೊಂಡ ಮೇಲೆ ಬಾಯಿ ತೆರೆದ ರೇಡಿಯೋ ಎಂದರೆ ನಮ್ಮ ಮಿಷನ್ ಕಾಂಪೌಂಡಿನದೊಂದೇ ಇರಬೇಕು. ಪಾದ್ರಿ ಅಯ್ಯನವರ ಬಂಗಲೆಯ ಜಗಲಿಯಲ್ಲಿ ಕಸೂತಿ ಬಟ್ಟೆ ಹೊದ್ದು ಅದು ಕೂತಿರುತ್ತಿತ್ತು. ಪಕ್ಕದಲ್ಲಿ ಬಸ್ಸಿನ ಶೆಡ್ಡಿನಿಂದ ಚಾರ್ಜು ಮಾಡಿಸಿ ತಂದ ಬ್ಯಾಟರಿ. ಅದರ ಹುಳಿ ಹುಳಿ ವಾಸನೆ ನನಗೆ ಇವತ್ತಿಗೂ ಭಾನುವಾರದ ವಾಸನೆಯೇ. ನಾವು ಮಕ್ಕಳು ಅದನ್ನು ದೇವರ ಪೆಟ್ಟಿಗೆ ಅನ್ನುತ್ತಿದ್ದೆವು.

ಭಾನುವಾರ ಸಂಜೆ ಆರಾಧನೆ ಮುಗಿದ ಮೇಲೆ ಇಡೀ ಕಾಂಪೌಂಡು ಜಗಲಿಯ ಮುಂದೆ ಚಾಪೆ ಹಾಸಿ ಕೂರುತ್ತಿತ್ತು. ಯುದ್ಧದ ವಾರ್ತೆ ಕೇಳಬಹುದಿತ್ತು. ದೂರದ ಯಾವುದೋ ದೇಶದಿಂದ, ಜಡಿಮಳೆಯಂಥ ಸದ್ದಿನ ನಡುವೆ, ಇಂಗ್ಲಿಷ್ ಕೀರ್ತನೆ ಸಿಕ್ಕರೆ ಎದ್ದು ನಿಂತು ಕೇಳಬೇಕಿತ್ತು. ಮೈಸೂರಿನಿಂದ ಬರುವ ಪಿಟೀಲು, ವೀಣೆಗೂ ಅಡ್ಡಿಯಿರಲಿಲ್ಲ, ಮಾತಿಲ್ಲದ ಸಂಗೀತದಲ್ಲಿ ಯಾವ ದೇವರಿದ್ದಾನೆಂದು ಅಯ್ಯನವರಿಗೂ ತಿಳಿಯುತ್ತಿರಲಿಲ್ಲವಲ್ಲ. ಆದರೆ ‘ಲೋಕದ ಹಾಡು’ ಬಂದರೆ ಮೊದಲ ಸಾಲಿನಲ್ಲೇ ತಿರುಪು ತಿರುಗಿಸಿ ಬಾಯಿ ಮುಚ್ಚಿಸಬೇಕು. ನಾಟಕದ ಹಾಡು, ಸಿನಿಮಾ ಹಾಡು, ಬೇರೆ ದೇವರ ಹಾಡು, ಹಳ್ಳಿಯ ಪದ, ಎಲ್ಲವೂ ಲೋಕದವೇ.

“ಲೋಕದ ಹಾಡು ಕಿವಿಯಲ್ಲಿ ಹೊಕ್ಕರೆ ಎದೆಯಲ್ಲಿ ಗೂಡು ಕಟ್ಟುತ್ತೆ,” ಎನ್ನುತ್ತಿದ್ದರು ಅಯ್ಯನವರು. ಕೆಟ್ಟವರಲ್ಲ ಅವರು. ಪ್ಲೇಗು ಬಂದಾಗ ಊರು ಬಿಟ್ಟು ಓಡದೆ ನಿಂತವರು. ಆದರೆ ಹಾಡೆಂದರೆ ಅವರಿಗೂ ಏನೋ ಭಯ.

ಆ ತಿರುಪು ತಿರುಗಿಸುವ ಕೆಲಸ ನಮ್ಮಪ್ಪನದು. ಅಪ್ಪ ಉಪದೇಶಿ, ಹಳ್ಳಿ ಹಳ್ಳಿ ಸುತ್ತಿ ಬೈಬಲಿನ ಕಥೆ ಹೇಳುವವನು. ರಾಗದ ಎಳೆ ಸಿಕ್ಕರೆ ಸಾಕು, ಹಾಡು ಯಾವುದೆಂದು ಹೇಳಿಬಿಡುತ್ತಿದ್ದ. ಅದರ ಹಿಂದಿನ ವರ್ಷ ಹಾರ್ಮೋನಿಯಂ ಮೇಷ್ಟ್ರು ನಾಟಕದ ಹಾಡು ಗುನುಗಿದರೆಂದು ಅಯ್ಯನವರು ಅವರನ್ನು ಪಾವಗಡದ ಕಡೆಗೆ ಕಳಿಸಿದ್ದರು. ಅಲ್ಲಿ ತೆಲುಗಿನಲ್ಲಿ ಅತ್ತರೆ ಮಾತ್ರ ಅನ್ನ ಹಾಕುತ್ತಾರೆ ಎಂದು ನನ್ನ ಗೆಳತಿ ಹೆದರಿಸಿದ್ದಳು. ಅಪ್ಪನ ಕೈ ಎಲ್ಲಿ ತಡವಾಗುತ್ತದೋ, ನಮ್ಮ ಮನೆ ಎಲ್ಲಿ ಹೋಗುತ್ತದೋ ಎಂದು ಹೆದರಿ ಪ್ರತಿ ಭಾನುವಾರ ನಾನು ಆ ಕೈಯನ್ನೇ ನೋಡುತ್ತ ಕೂರುತ್ತಿದ್ದೆ.

ನನ್ನ ಭಯಕ್ಕೆ ಇನ್ನೊಂದು ಕಾರಣವಿತ್ತು, ಅದನ್ನು ಯಾರಿಗೂ ಹೇಳುವಂತಿರಲಿಲ್ಲ.

ಅಪ್ಪ ಒಂದು ಕೀರ್ತನೆ ಕಟ್ಟಿದ್ದ. ‘ಹೊರಡು ಹೊರಡೆನ್ನ ಮನವೇ, ಪಾಪ ತೊಳೆಯೋ ತನಕ.’ ಕಾಂಪೌಂಡಿನ ಹೆಂಗಸರಿಗೆ ಅದೆಂದರೆ ಪ್ರಾಣ. ಬಾವಿಕಟ್ಟೆಯಲ್ಲಿ, ಒಲೆಯ ಮುಂದೆ, ಮಗು ತೂಗುವಾಗ ಎಲ್ಲ ಅದೇ. ಅಯ್ಯನವರೂ ಕಣ್ಣು ಮುಚ್ಚಿ ಹಾಡುತ್ತಿದ್ದರು.

ಅಪ್ಪನ ತಾಯಿ, ನನ್ನಜ್ಜಿ, ಗೌಡಗೆರೆ ಕಡೆಯ ಹಳ್ಳಿಯಲ್ಲಿದ್ದಳು. ಮಗ ಮತ ಬಿಟ್ಟಮೇಲೆ ಕಾಂಪೌಂಡಿನೊಳಗೆ ಅವಳು ಕಾಲಿಟ್ಟಿರಲಿಲ್ಲ, ಅಪ್ಪನೂ ಬಾ ಎಂದು ಕರೆದಿರಲಿಲ್ಲ. ಕಡ್ಲೆಕಾಯಿ ಸುಗ್ಗಿಯಲ್ಲಿ ಶಿರಾಕ್ಕೆ ಬಂದಾಗ ಮಾತ್ರ ಮೋಟುಗೋಡೆಯ ಆಚೆ ಬೇವಿನ ಕಟ್ಟೆಯಲ್ಲಿ ಕೂತು ನನ್ನನ್ನು ಕೂಗುತ್ತಿದ್ದಳು. ಅವಳ ಸೀರೆಗೆ ಸುಟ್ಟ ಕಡ್ಲೆಕಾಯಿಯ ವಾಸನೆ. ಹುರಿಗಾಳು ಮೆಲ್ಲುತ್ತ ನಾವಿಬ್ಬರೂ ಕಲ್ಲಾಟ ಆಡುತ್ತಿದ್ದೆವು. ಒಂದು ದಿನ ಒಳಗಿನಿಂದ ಹೆಂಗಸರ ಕೀರ್ತನೆ ಕೇಳಿ, ಎಸೆದ ಕಲ್ಲು ಹಿಡಿಯುವುದನ್ನೇ ಬಿಟ್ಟು ನಕ್ಕಳು.

“ಅಯ್ಯೋ ಪುಟ್ಟವ್ವ, ಇದು ನಾನು ರಾಗಿ ಬೀಸೋವಾಗ ಹೇಳೋ ಪದ ಕಣಮ್ಮ! ನಿಮ್ಮಪ್ಪನ್ನ ತೊಡೆ ಮ್ಯಾಲೆ ಮಲಗಿಸ್ಕೊಂಡು ಬೀಸ್ತಿದ್ದೆ. ಮಾತು ಬದಲಾಯ್ಸವ್ನೆ, ರಾಗ ಅಂಗೇ ಮಡಿಕ್ಕಂಡವ್ನೆ ನೋಡು, ಕಳ್ಳ!”

“ಅಜ್ಜಿ, ಮೆಲ್ಲಗೆ,” ಎಂದು ನಾನು ಅವಳ ಬಾಯಿ ಮುಚ್ಚಿದೆ.

ಅಂದಿನಿಂದ ಆ ಕೀರ್ತನೆ ಶುರುವಾದರೆ ನಾನು ಬರೀ ತುಟಿ ಆಡಿಸುತ್ತಿದ್ದೆ. ಲೋಕದ ಹಾಡು ದೇವರ ಗುಡಿಯೊಳಗೇ ಗೂಡು ಕಟ್ಟಿತ್ತು. ಅದನ್ನು ಒಳಗೆ ಬಿಟ್ಟವನು ನಮ್ಮಪ್ಪ.

ಆ ಸುಗ್ಗಿಯ ಕೊನೆಯ ಭಾನುವಾರ. ಅಜ್ಜಿ ಕಟ್ಟೆಯ ಮೇಲಿದ್ದಳು. ನಾನು ಚಾಪೆಯ ತುದಿಯಲ್ಲಿ, ಲಂಗದ ಜೇಬಿನಲ್ಲಿ ಅವಳು ಕೊಟ್ಟ ಕಡ್ಲೆಕಾಯಿ. ವಾರ್ತೆ ಮುಗಿಯಿತು. “ಈಗ ಹಳ್ಳಿಯ ಪದಗಳು,” ಎಂದಿತು ಮೈಸೂರು. ಅಪ್ಪನ ಕೈ ತಿರುಪಿನ ಮೇಲೆ ಹೋಯಿತು. ಅಷ್ಟರಲ್ಲಿ ಹೆಣ್ಣುದನಿಯೊಂದು ಎತ್ತಿಕೊಂಡಿತು:

‘ತಿರುಗು ತಿರುಗೇ ಕಲ್ಲೇ, ರಾಗಿ ಮುಗಿಯೋ ಗಂಟ...’

ಅದೇ ರಾಗ. ಅಪ್ಪನ ಬೆರಳು ಅಲ್ಲೇ ನಿಂತಿತು. ತಿರುಗಿಸಪ್ಪಾ, ತಿರುಗಿಸಪ್ಪಾ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಅವನು ತಿರುಗಿಸಲಿಲ್ಲ. ಮುಂದಿನ ಸಾಲಿನ ಹೆಂಗಸರು ಮಾತು ಕೇಳಿಸಿಕೊಳ್ಳಲೇ ಇಲ್ಲ. ರಾಗ ಕಿವಿಗೆ ಬಿದ್ದದ್ದೇ ತಡ, ಎದ್ದು ನಿಂತು ಕೈಮುಗಿದು ‘ಹೊರಡು ಹೊರಡೆನ್ನ ಮನವೇ’ ಎಂದು ಜೊತೆಗೂಡಿದರು. ರೇಡಿಯೋದಲ್ಲಿ ರಾಗಿಕಲ್ಲು, ಚಾಪೆಯ ಮೇಲೆ ಯೇಸು. ಅಯ್ಯನವರೂ ಅಭ್ಯಾಸಬಲದಿಂದ ಎದ್ದು ಒಂದು ಸಾಲು ಹಾಡಿಬಿಟ್ಟರು. ಆಮೇಲೆ ಅವರ ದನಿ ನಿಂತಿತು. ಆಗಲೇ ಗೋಡೆಯ ಆಚೆಯಿಂದ ಇನ್ನೊಂದು ದನಿ, ಒಡಕು, ಆದರೆ ಎಲ್ಲರದಕ್ಕಿಂತ ಮೇಲೆ:

‘ತವರಿನ ದಾರಿ ತೋರೇ...’

ಅಯ್ಯನವರು ತಾವೇ ಬಂದು ತಿರುಪು ತಿರುಗಿಸಿದರು. ಹೆಂಗಸರು ಗಕ್ಕನೆ ನಿಂತರು. ಗೋಡೆಯಾಚೆಯ ಹಾಡು ಮಾತ್ರ ನಿಲ್ಲಲಿಲ್ಲ.

“ಯಾರದು?”

ಅಪ್ಪ ನೆಲ ನೋಡುತ್ತಿದ್ದ. ಗೊತ್ತಿಲ್ಲ ಎಂದುಬಿಡಲಿ ಎಂದು ನಾನು ದೇವರಲ್ಲಿ ಬೇಡಿದೆ, ಯಾವ ದೇವರಲ್ಲಿ ಎಂದು ಯೋಚಿಸಲೂ ಇಲ್ಲ. ಅಪ್ಪ ತಲೆಯೆತ್ತಿದ.

“ನಮ್ಮವ್ವ, ಅಯ್ಯನವರೇ. ಆ ರಾಗ ಅವಳದೇ.”

“ಊಂ ಕಣಪ್ಪೋ, ನಂದೇ!” ಎಂದಳು ಅಜ್ಜಿ ಗೋಡೆಯ ಮೇಲಿಂದ ತಲೆ ಹಾಕಿ. “ರಾಗಿ ಬೀಸೋದು ಬ್ಯಾಡ ಅಂತ ಯಾವ ದ್ಯಾವ್ರು ಏಳವ್ನೆ?”

ಯಾರೋ ಕಿಸಕ್ಕನೆ ನಕ್ಕರು. ಅಯ್ಯನವರು ನಗಲಿಲ್ಲ. “ಉಪದೇಶಿಗಳೇ, ನಾಳೆ ಬೆಳಿಗ್ಗೆ ಬನ್ನಿ,” ಎಂದಷ್ಟೇ ಹೇಳಿ ಒಳಗೆ ಹೋದರು.

ಅಮ್ಮ ಆಗಲೇ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬತೊಡಗಿದ್ದಳು. ಮಾರನೆಯ ಬೆಳಿಗ್ಗೆ ಅಪ್ಪ ಬಂಗಲೆಯಿಂದ ಬಂದು ಹೊಸ್ತಿಲ ಮೇಲೆ ಕೂತ.

“ಏನಂದ್ರು? ಹೋಗ್ಬೇಕಾ?” ಎಂದಳು ಅಮ್ಮ.

“ಇಲ್ಲ. ನಾವು ಇರ್ಬೋದಂತೆ. ಆ ರಾಗ ಇರಂಗಿಲ್ಲವಂತೆ.”

ನಾನು ಕುಣಿದಾಡಿದೆ. ಪಾವಗಡ ತಪ್ಪಿತಲ್ಲ! ಅಪ್ಪನ ಮುಖ ನೋಡುವಷ್ಟು ವಯಸ್ಸು ನನಗಾಗಿರಲಿಲ್ಲ.

ಕೀರ್ತನೆಗೆ ಇಂಗ್ಲಿಷ್ ರಾಗ ಕೂಡಿಸಿದರು. ಮಾತುಗಳು ಅದಕ್ಕೆ ಒಗ್ಗಲೇ ಇಲ್ಲ, ಬೇರೆಯವರ ಅಂಗಿ ತೊಟ್ಟ ಹಾಗೆ ಎಲ್ಲೋ ಬಿಗಿ, ಎಲ್ಲೋ ಸಡಿಲ. ಹೆಂಗಸರು ಕೆಲವು ವಾರ ತಡವರಿಸಿ ಬಿಟ್ಟುಬಿಟ್ಟರು. ಬಾವಿಕಟ್ಟೆಯಲ್ಲಿ ರಾಟೆಯ ಸದ್ದು ಮಾತ್ರ ಉಳಿಯಿತು. ಅಪ್ಪ ಮತ್ತೆ ಕೀರ್ತನೆ ಕಟ್ಟಲಿಲ್ಲ. ಆದರೆ ಅಜ್ಜಿ ಬಂದ ದಿನ ಗೋಡೆ ದಾಟಿ ಹೋಗಿ ಕಟ್ಟೆಯ ಮೇಲೆ ಅವಳ ಪಕ್ಕ ಕೂರುತ್ತಿದ್ದ. ಇಬ್ಬರೂ ಕಡ್ಲೆಕಾಯಿ ಸುಲಿಯುತ್ತಿದ್ದರು, ಹಾಡುತ್ತಿರಲಿಲ್ಲ. ಆಮೇಲೆ ಊರಿಗೆ ಹಿಟ್ಟಿನ ಗಿರಣಿ ಬಂತು. ಬೀಸುವ ಕಲ್ಲು ಮೂಲೆ ಸೇರಿತು. ಅಜ್ಜಿ ಹೋದಳು, ಅಪ್ಪನೂ ಹೋದ.

ಈಗ ನನ್ನ ತಲೆದಿಂಬಿನ ಪಕ್ಕ ಪುಟ್ಟ ರೇಡಿಯೋ ಇದೆ. ಹೊರದೇಶದಿಂದ ಕನ್ನಡದಲ್ಲೇ ಯೇಸುವಿನ ಹಾಡು ಬರುತ್ತದೆ, ಅರ್ಧಕ್ಕರ್ಧ ಸಿನಿಮಾದ ಮಟ್ಟು. ಯಾರೂ ತಿರುಪು ತಿರುಗಿಸುವುದಿಲ್ಲ. ನಮ್ಮ ಈಗಿನ ಪಾದ್ರಿಗಳಂತೂ ಚಪ್ಪಾಳೆ ತಟ್ಟುತ್ತಾರೆ. ನಾನು ಕಾದು ಕೂರುತ್ತೇನೆ, ಆ ರಾಗ ಮಾತ್ರ ಬಂದಿಲ್ಲ. ‘ತವರಿನ ದಾರಿ ತೋರೇ’ ಆದಮೇಲೆ ಅಜ್ಜಿಯ ಪದ ಮುಂದೆ ಏನಿತ್ತೋ ನನಗೆ ಗೊತ್ತಿಲ್ಲ. ಆಗ ಕೇಳಲು ಭಯ, ಈಗ ಕೇಳಲು ಯಾರೂ ಇಲ್ಲ. ಗೊತ್ತಿರುವ ಅಷ್ಟನ್ನೇ ಕೆಲವು ಸಂಜೆ ಗುನುಗುತ್ತೇನೆ. ಮನೆಯಲ್ಲಿ ನಾನೊಬ್ಬಳೇ. ಆದರೂ ಬಾಯಿ ತೆರೆಯುವ ಮುಂಚೆ ಒಮ್ಮೆ ಬಾಗಿಲ ಕಡೆ ನೋಡುತ್ತೇನೆ.