ನಿಂತ ಮಷೀನಿನ ಫ್ಯಾನು

ಕಂಪ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ನಾನು ಸಾರ್ಟಿಂಗ್ ಮಷೀನ್ ನೋಡಿಕೊಳ್ಳುತ್ತೇನೆ. ಅಕ್ಕಿ ಮೇಲಿಂದ ಸುರಿಯುತ್ತದೆ, ಕ್ಯಾಮೆರಾ ನೋಡುತ್ತದೆ, ಕಪ್ಪು ಕಾಳು ಕೆಳಗೆ ಬೀಳುವುದರೊಳಗೆ ಮಷೀನು ಗಾಳಿ ಊದಿ ಅದನ್ನು ಆಚೆ ತಳ್ಳುತ್ತದೆ. ನಾನು ಓದಿದ್ದು ಏಳನೇ ಕ್ಲಾಸು. ತಂಗಿ ಎಷ್ಟು ಓದಿದ್ದಾಳೆಂದು ಸರಿಯಾಗಿ ಗೊತ್ತಿಲ್ಲ, ಇನ್ನೂ ಮುಗಿದಿಲ್ಲ.

ಹೋದ ಸುಗ್ಗಿಯಲ್ಲಿ ಅವಳು ತಾನು ಓದುವ ಊರಿನ ಲ್ಯಾಬಿನಿಂದ ಮನೆಗೆ ಒಂದು ಬೋರ್ಡು ತಂದಿದ್ದಳು. ನಡುವೆ ಚಿಪ್, ಅದರ ಮೇಲೆ ಪುಟ್ಟ ಫ್ಯಾನು.

"ಇದು ಏನ್ ಮಾಡತೈತಿ?"

"ನಿನ್ನ ಮಷೀನ್ ಮಾಡೋದನ್ನ ಮಾಡತೈತಣ್ಣಾ. ಕ್ವಾಂಟಮ್ ಕಂಪ್ಯೂಟರಿಂದ ಸಣ್ಣ ಸಿಗ್ನಲ್ ಬರತೈತಿ, ಭಾಳ ಗದ್ದಲದಾಗ. ಅದು ಸೊನ್ನೆನೋ ಒಂದೋ ಅಂತ ಇದು ತಟ್ಟನ ಹೇಳಬೇಕು. ತಡ ಆದ್ರ ಆ ಕಡೆ ಲೆಕ್ಕನ ಕೆಟ್ಟುಹೋಗತೈತಿ."

"ನಿಮ್ಮಲ್ಲೂ ನುಚ್ಚು ಬರತೈತೇನು?"

"ಭಾಳ ಬರತೈತಿ."

ಚಿಪ್ಪಿನೊಳಗಿನ ಜೋಡಣೆಯನ್ನು ಕೆಲಸಕ್ಕೆ ತಕ್ಕಂತೆ ಮತ್ತೆ ಮತ್ತೆ ಬದಲಿಸಬಹುದಂತೆ. ಲ್ಯಾಬಿನಲ್ಲಿ ಹಿಡಿದಿಟ್ಟ ಸಿಗ್ನಲ್‌ಗಳನ್ನು ಹಾಯಿಸಿ, ಅದು ಸರಿಯಾಗಿ ಹೇಳುತ್ತದೋ ಇಲ್ಲವೋ ಎಂದು ಮನೆಯಲ್ಲೇ ನೋಡುತ್ತಿದ್ದಳು. ಸೋಮವಾರ ಅವಳ ಕೆಲಸ ನೋಡಿಕೊಳ್ಳುವ ಗೈಡಿಗೆ ತೋರಿಸಬೇಕಿತ್ತು. ಒಪ್ಪಿಗೆಯಾದರೆ ನಿಜವಾದ ಕ್ವಾಂಟಮ್ ಯಂತ್ರಕ್ಕೆ ಹಚ್ಚಿ ನೋಡಲು ಅವಳ ಸರದಿ.

ಶನಿವಾರ ನಮ್ಮ ಮಷೀನಿನಲ್ಲಿ ಕ್ಯಾಮೆರಾ ನಡೆಸುವ ಕಾರ್ಡಿನ ಫ್ಯಾನು ಹೊಟ್ಟಿನ ಧೂಳು ತಿಂದು ಕುಂಟತೊಡಗಿತು. ಲಾರಿ ಬಾಗಿಲಲ್ಲಿ ನಿಂತಿತ್ತು. ಗಿರಣಿಯಲ್ಲಿ ಒಂದು ಪದ್ಧತಿಯಿದೆ: ನಿಂತ ಮಷೀನಿನಿಂದ ಬಿಚ್ಚಿ ಓಡುವ ಮಷೀನಿಗೆ ಹಾಕುವುದು. ಯಾರನ್ನೂ ಕೇಳುವುದಿಲ್ಲ. ನಾನು ಮನೆಗೆ ಬಂದಾಗ ಬೋರ್ಡು ನಿಂತಿತ್ತು, ತಂಗಿ ಪಕ್ಕದೂರು ಮೆಟ್ರಿಯ ಗೆಳತಿಯ ಮನೆಗೆ ಹೋಗಿದ್ದಳು. ಫ್ಯಾನಿನ ಅಳತೆ ಒಂದೇ. ಅವಳದ್ದನ್ನು ಬಿಚ್ಚಿಕೊಂಡು, ಜೊತೆಗೆ ತಂದಿದ್ದ ನಮ್ಮ ಕುಂಟು ಫ್ಯಾನನ್ನು ಒರೆಸಿ ಅಲ್ಲಿ ಕೂರಿಸಿದೆ. ಮರುದಿನ ಹೊಸಪೇಟೆಯಿಂದ ಹೊಸದು ತಂದರಾಯಿತು ಎಂದುಕೊಂಡೆ.

ಸಂಜೆ ಅವಳು ಬೋರ್ಡು ಚಾಲೂ ಮಾಡಿ ರೊಟ್ಟಿ ಬಡಿಯಲು ಕೂತಳು. ಫ್ಯಾನು ಸ್ವಲ್ಪ ಹೊತ್ತು ತಿರುಗಿ ನಿಂತಿತು. ವಾಸನೆ ಬಂದು ಓಡಿಬರುವಷ್ಟರಲ್ಲಿ ಚಿಪ್ ಸುಟ್ಟಿತ್ತು.

"ಇದರಾಗ ಹೊಟ್ಟು ಐತಲ್ಲಣ್ಣಾ. ನೀ ಏನರ ಮುಟ್ಟಿದ್ದೇನು?"

"ಕಂಪ್ಲ್ಯಾಗ ಹೊಟ್ಟು ಇರಲಾರದ ಜಾಗ ಯಾವುದೈತವ್ವಾ? ನಾ ಏಳನೇತ್ತಕ್ಕ ಸಾಲಿ ಬಿಟ್ಟಾವ. ನನಗೇನ್ ತಿಳೀತೈತಿ ಅದರಾಗ?"

ನನಗೆ ತಿಳಿದಿತ್ತು. ಬಿಸಿಯಾದರೆ ಕಾರ್ಡು ಸಾಯುತ್ತದೆಂದು ತಿಳಿದೇ ಫ್ಯಾನು ಬದಲಿಸಲು ಓಡಿಬಂದಿದ್ದೆ.

ಅವಳು ನಂಬಿದಳು. ನನ್ನೆದುರೇ ಗೈಡಿಗೆ ಫೋನ್ ಹಚ್ಚಿ, "ಮುಚ್ಚಿ ಇಡಬೇಕಿತ್ತು ಸರ್, ನನ್ನದೇ ತಪ್ಪು" ಎಂದಳು. ಸರದಿ ಇನ್ನೊಬ್ಬರಿಗೆ ಹೋಯಿತು. ಗಿರಣಿಯ ಲಾರಿ ಹೊತ್ತಿಗೆ ಸರಿಯಾಗಿ ಹೋಯಿತು. ಒಂದೂ ಕಪ್ಪು ಕಾಳಿರಲಿಲ್ಲ ಎಂದು ಮಾಲೀಕರು ಹೊಗಳಿದರು. ನಾನು ಬೇಡವೆನ್ನಲಿಲ್ಲ.

ಅವಳ ಫೋನ್ ಬಂದಾಗಲೆಲ್ಲ ಹೇಳಿಬಿಡಬೇಕು ಎಂದುಕೊಳ್ಳುತ್ತೇನೆ. "ಊಟ ಆತೇನಣ್ಣಾ?" ಎನ್ನುತ್ತಾಳೆ. ಆತವ್ವಾ ಎನ್ನುತ್ತೇನೆ.